"ಪರವಾಗಿಲ್ಲ" ಅಂದ್ರೆ ಏನರ್ಥ: ನಮ್ಮ ಜ್ವರದ ಸಿನಿಮಾ ನೋಡಿದವರು ಹೇಳಿದ್ದು

ನಮ್ಮ ಸಿನಿಮಾದಲ್ಲಿ ಮೊದಲ ಸಾವು ಬಂದಾಗ ಜನ ನಕ್ಕರು. ಮುಸಿಮುಸಿ ನಗು ಅಲ್ಲ, ಅಂಗಳ ತುಂಬ ನಗು. ಸೌದೆ ತರಲು ಕಾಡಿಗೆ ಹೋದವನು ಜ್ವರದಲ್ಲಿ ನಡುಗುತ್ತಾ ಬಂದು, ಬಾಯಲ್ಲಿ ರಕ್ತ ಕಾರಿ ಜಗಲಿ ಮೇಲೆ ಬೀಳುತ್ತಾನೆ. ಆ ಸೀನಿಗೆ ಎರಡು ರಾತ್ರಿ ನಿದ್ದೆಗೆಟ್ಟಿದ್ದೆವು. ಹಿಂದಿನ ಸಾಲಿನಿಂದ ಯಾರೋ ಒಬ್ಬರು, "ಕವಳ ಜಾಸ್ತಿ ಆಯ್ತು ಕಾಣ್ತದೆ" ಅಂದರು. ಅಷ್ಟೇ. ಆಮೇಲಿನ ಹತ್ತು ನಿಮಿಷ ಒಬ್ಬರೂ ಹೆದರಲಿಲ್ಲ.

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೆಲ್ಲದ ಪಾಕಕ್ಕೆ ಅಡುಗೆ ಬಣ್ಣ ಹಾಕಿ ರಕ್ತ ಮಾಡಿದ್ದೆವು. ಅದು ಎಲೆ, ಅಡಿಕೆ, ಸುಣ್ಣ ಜಗಿದು ಉಗಿದ ಬಣ್ಣಕ್ಕೇ ಬಂದಿತ್ತು. ಮಲೆನಾಡಿನಲ್ಲಿ ಆ ಬಣ್ಣವನ್ನು ದಿನಾ ಗೋಡೆ ಮೂಲೆಯಲ್ಲಿ ನೋಡುವವರ ಎದುರು ಅದನ್ನೇ ರಕ್ತ ಅಂತ ತೋರಿಸಿದರೆ ಇನ್ನೇನಾಗುತ್ತೆ? ಮಾನಿಟರಿನಲ್ಲಿ ನೋಡುವಾಗ ನಮ್ಮ ಆರು ಜನರಲ್ಲಿ ಒಬ್ಬನಿಗೂ ಇದು ಹೊಳೆದಿರಲಿಲ್ಲ. ನಮ್ಮಲ್ಲಿ ನಾಲ್ಕು ಜನ ಕವಳ ಹಾಕುವವರೇ.

ನಾನು ಸಾಗರದ ಕಡೆಯವನು. ಮದುವೆ, ಉಪನಯನ, ಗೃಹಪ್ರವೇಶದ ವಿಡಿಯೋ ಮಾಡುವುದು ನನ್ನ ಕೆಲಸ, 12 ವರ್ಷ ಆಯ್ತು. ಸೀಸನ್ ಇಲ್ಲದ ತಿಂಗಳುಗಳಲ್ಲಿ ಕ್ಯಾಮೆರಾ ಸುಮ್ನೆ ಕೂತಿರುತ್ತಲ್ಲ ಅಂತ ಒಂದು ಹಾರರ್ ಸಿನಿಮಾ ಮಾಡಲು ಹೊರಟೆವು. ಎಲ್ಲ ಸೇರಿ ಖರ್ಚು 6 ಲಕ್ಷದ 40 ಸಾವಿರ. ಅದರಲ್ಲಿ ಊಟದ ಖರ್ಚೇ ಲಕ್ಷ ದಾಟಿತ್ತು. ಮಾವನ ಹಳೇ ಮನೆಯಲ್ಲಿ, ಅಡಿಕೆ ತೋಟದ ಮಧ್ಯೆ 17 ರಾತ್ರಿ ಶೂಟಿಂಗ್. ಕಥೆ ಇಷ್ಟೇ: ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತವೆ. ಕಾಡಿಗೆ ಹೋದವರಿಗೆ ಜ್ವರ ಬರುತ್ತದೆ. ಜ್ವರ ನೆತ್ತಿಗೇರಿ ಹುಚ್ಚಾಗುತ್ತದೆ. ಹುಚ್ಚಾದವರು ಬೇರೆಯವರನ್ನು ಕಚ್ಚುತ್ತಾರೆ. ಒಂಟಿ ಮನೆಯಲ್ಲಿ ಒಂದು ಸಂಸಾರ ಬಾಗಿಲು ಹಾಕಿಕೊಂಡು ಕೂತಿದೆ.

ಇದು ಎಲ್ಲಿಂದ ಬಂತು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ. ವೈದ್ಯಕೀಯದಲ್ಲಿ ಆ ಕಾಡಿನ ಹೆಸರೇ ಅದಕ್ಕೆ ನಿಂತಿದೆ. ನಮಗೆ ಮಾತ್ರ ಅದು ಮಂಗನ ಕಾಯಿಲೆ. ವೈರಸ್ ಇರುವುದು ಉಣುಗಿನಲ್ಲಿ. ಕೆಲವು ಕಡೆ ಉಣ್ಣೆ ಅಂತಾರೆ, ದನದ ಮೈಗೂ ಹತ್ತುತ್ತಲ್ಲ, ಅಂಥದ್ದೇ. ಅದು ಮುಸಿಯ, ಮಂಗಗಳಿಗೆ ಕಚ್ಚಿದರೆ ಅವು ಸಾಯುತ್ತವೆ. ಸತ್ತ ಜಾಗದ ಸುತ್ತ ಉಣುಗು ಹರಡುತ್ತವೆ. ಅಲ್ಲಿ ಸೌದೆಗೋ ದರಗಿಗೋ ಹೋದವರಿಗೆ ಕಚ್ಚುತ್ತವೆ. ಚಿಕ್ಕಂದಿನಲ್ಲಿ "ಮಂಗ ಸತ್ತಿದೆ ಆ ಕಡೆ ಹೋಗ್ಬೇಡ" ಅಂತ ಬೈಸಿಕೊಂಡೇ ಬೆಳೆದವರು ನಾವು. 2018ರ ಕೊನೆಯಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನ ಕಡೆ ಜೋರಾಗಿ ಬಂದಾಗ ನನ್ನ ಕೈಯಲ್ಲಿದ್ದ ಎರಡು ಮದುವೆಗಳು ಜಾಗ ಬದಲಾಯಿಸಿಕೊಂಡವು. ಭಯ ಹೇಗಿರುತ್ತೆ ಅಂತ ಹತ್ತಿರದಿಂದ ನೋಡಿದ್ದೇನೆ, ಹಾಗಾಗಿ ಇದರ ಮೇಲೆ ಸಿನಿಮಾ ಮಾಡುವ ಹಕ್ಕು ನನಗಿದೆ ಅಂದುಕೊಂಡಿದ್ದೆ. ಈ ಅಂದುಕೊಂಡಿದ್ದರ ಬಗ್ಗೆ ಮುಂದೆ ಹೇಳ್ತೀನಿ.

ಮೊದಲ ಸಲ ತೋರಿಸಿದ್ದು ಶೂಟಿಂಗ್ ಮಾಡಿದ ಮನೆಯ ಅಂಗಳದಲ್ಲೇ. ಚಪ್ಪರ ಇತ್ತು, ಬಿಳಿ ಪಂಚೆ ಎರಡು ಸೇರಿಸಿ ಹೊಲಿದು ತೆರೆ ಕಟ್ಟಿದೆವು, ಬಾಡಿಗೆಗೆ ಪ್ರೊಜೆಕ್ಟರ್ ತಂದೆವು. ಸುಮಾರು 40 ಜನ. ಆಗ ಸಿನಿಮಾ 78 ನಿಮಿಷ ಇತ್ತು. ಮುಗಿದ ಮೇಲೆ ನಾನು ಬಾಗಿಲ ಹತ್ತಿರ ನಿಂತು ಒಬ್ಬೊಬ್ಬರನ್ನೇ "ಹೇಗಿತ್ತು?" ಅಂತ ಕೇಳಿದೆ. ಇದಕ್ಕಿಂತ ದೊಡ್ಡ ದಡ್ಡತನ ಇನ್ನೊಂದಿಲ್ಲ.

ಮನೆಗೆ ಕರೆದು, ಸಿನಿಮಾ ತೋರಿಸಿ, ಊಟಕ್ಕೆ ಎಲೆ ಹಾಕಿಸಿದವನ ಮುಖ ನೋಡಿ ಯಾರು ತಾನೇ ಚೆನ್ನಾಗಿಲ್ಲ ಅಂತಾರೆ? ಎಲ್ಲರೂ "ಪರವಾಗಿಲ್ಲ" ಅಂದರು. ಆ ರಾತ್ರಿ ನಾನು ಖುಷಿಯಲ್ಲಿ ಮಲಗಿದೆ. ಮರುದಿನ ಹೆಂಡತಿ ಬಿಡಿಸಿ ಹೇಳಿದಳು. ಪರವಾಗಿಲ್ಲ ಅನ್ನುವುದರಲ್ಲಿ ನಾಲ್ಕೈದು ಥರ ಇದೆ ಅಂತ. ತಲೆ ತಗ್ಗಿಸಿ ಚಪ್ಪಲಿ ಹಾಕಿಕೊಳ್ಳುತ್ತಾ "ಪರವಾಗಿಲ್ಲ" ಅಂದರೆ ಚೆನ್ನಾಗಿಲ್ಲ ಅಂತ. ಹೆಗಲು ತಟ್ಟಿ "ಪರವಾಗಿಲ್ಲ ಬಿಡು" ಅಂದರೆ ದುಡ್ಡು ಹೋಯ್ತಲ್ಲ ಪಾಪ ಅಂತ. ಹುಬ್ಬು ಮೇಲೇರಿಸಿ "ಪರವಾಗಿಲ್ವೋ!" ಅಂದರೆ ಅದು ನಿಜವಾದ ಮೆಚ್ಚುಗೆ, ಅದು ಬಂದಿದ್ದು ಮೂರೇ ಜನರಿಂದ, ಅದರಲ್ಲಿ ಒಬ್ಬರು ನಟಿಸಿದವನ ಅಪ್ಪ. "ಒಳ್ಳೆ ಪ್ರಯತ್ನ" ಅಂದರಂತೂ ಮುಗಿಯಿತು, ತಿಥಿ ಊಟಕ್ಕೆ ಹೇಳಬಹುದು. ಇನ್ನು 11 ಜನ ಊಟ ಚೆನ್ನಾಗಿತ್ತು ಅಂದಿದ್ದರು. ನಾನು ಸಿನಿಮಾ ಬಗ್ಗೆ ಕೇಳಿದ್ದೆ.

ಅಲ್ಲಿಂದ ಕೇಳುವ ರೀತಿಯನ್ನೇ ಬದಲಾಯಿಸಿದೆ. ಮೊದಲನೆಯದು, ನಾನು ಕೇಳುವುದನ್ನೇ ಬಿಟ್ಟೆ. ಅಕ್ಕನ ಮಗಳು ಪಿಯುಸಿ ಓದುತ್ತಿದ್ದಳು, ಅವಳಿಗೆ ಫೋನ್ ಕೆಲಸ ಒಪ್ಪಿಸಿದೆ. ಅವಳು ಮರುದಿನ ಸಂಜೆ ನೋಡಿದವರಿಗೆಲ್ಲ ಫೋನ್ ಮಾಡಬೇಕು, ಎರಡೇ ಪ್ರಶ್ನೆ. "ಸಿನಿಮಾಕ್ಕೆ ಬರದೆ ಇದ್ದವರಿಗೆ ಈ ಕಥೆ ಹೇಗೆ ಹೇಳ್ತೀರ?" ಅನ್ನುವುದು ಒಂದು. "ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಯಾವ ಸೀನು ನೆನಪಾಯ್ತು?" ಅನ್ನುವುದು ಇನ್ನೊಂದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಚ್ಚಲು ಈಗಲೂ ಮನೆಯ ಹಿಂದೆ, ಹಿತ್ತಿಲ ಕತ್ತಲು ದಾಟಿ ಹೋಗಬೇಕು. ಹಾರರ್ ಸಿನಿಮಾದ ಪರೀಕ್ಷೆ ನಡೆಯುವ ಜಾಗ ಅದೇ.

ಆ ಎರಡನೇ ಪ್ರಶ್ನೆಗೆ ಬಂದ ಉತ್ತರ ಕೇಳಿ ನನಗೆ ಹೊಟ್ಟೆ ಉರಿಯಿತು. ಕಚ್ಚುವ ಸೀನುಗಳಿಗೆ ಮೇಕಪ್ಪಿಗೇ 55 ಸಾವಿರ ಹೋಗಿತ್ತು. ಬೆಂಗಳೂರಿನಿಂದ ಒಬ್ಬರನ್ನು ಕರೆಸಿದ್ದೆವು, ಅವರಿಗೆ ಬೇರೆ ರೂಮು, ಅವರ ಕಾಫಿಗೆ ಸಕ್ಕರೆ ಇಲ್ಲ. ಅವು ಯಾವುವೂ ಯಾರಿಗೂ ನೆನಪಾಗಿರಲಿಲ್ಲ. ಅರ್ಧಕ್ಕರ್ಧ ಜನರಿಗೆ ನೆನಪಾಗಿದ್ದು ಒಂದು ಸದ್ದು. ರಾತ್ರಿ ಮನೆಯವರು ಊಟಕ್ಕೆ ಕೂತಿರುವಾಗ ಕೊಟ್ಟಿಗೆಯ ತಗಡಿನ ಮಾಡಿನ ಮೇಲೆ ದೊಪ್ಪಂತ ಏನೋ ಬೀಳುತ್ತದೆ. ಯಾರೂ ಹೊರಗೆ ಹೋಗಿ ನೋಡುವುದಿಲ್ಲ. ಊಟ ಮುಂದುವರಿಯುತ್ತದೆ. ಅದು ಸತ್ತ ಮಂಗ ಅಂತ ನೋಡುವವರಿಗೆ ಗೊತ್ತು. ಆ ಸದ್ದನ್ನು ನಾವು ಮಾಡಿದ್ದು ಗೋಣಿಚೀಲಕ್ಕೆ ಒದ್ದೆ ಭತ್ತದ ಹೊಟ್ಟು ತುಂಬಿ ಮೇಲಿನಿಂದ ಎಸೆದು. ಖರ್ಚು ಸೊನ್ನೆ.

ಮೊದಲನೇ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಬೈಗುಳ ಜಾಸ್ತಿ. ಆದರೆ ಬೈದಿದ್ದು ನಟನೆಗಲ್ಲ, ಕ್ಯಾಮೆರಾಕ್ಕಲ್ಲ. ಕಾಯಿಲೆಯ ವಿಷಯದಲ್ಲಿ ನಾವು ಮಾಡಿದ ತಪ್ಪುಗಳಿಗೆ. ಒಬ್ಬರು ಹೇಳಿದ್ದು: "ಮಳೆ ಹೊಯ್ತಾ ಇದೆ, ಅಷ್ಟು ಮಳೇಲಿ ಎಲ್ಲಿಯ ಉಣುಗು?" ನಿಜ. ಈ ಜ್ವರ ಚಳಿಗಾಲಕ್ಕೆ ಶುರುವಾಗಿ ಬೇಸಿಗೆವರೆಗೆ ಕಾಡುತ್ತದೆ, ಮಳೆ ಹಿಡಿದ ಮೇಲೆ ಕಡಿಮೆಯಾಗುತ್ತದೆ. ನಾವು ಶೂಟಿಂಗ್ ಇಟ್ಟುಕೊಂಡಿದ್ದು ಜುಲೈನಲ್ಲಿ, ಆಗ ನನಗೆ ಮದುವೆ ಕೆಲಸ ಇರುವುದಿಲ್ಲ, ಜೊತೆಗೆ ಮಳೆ ತೆರೆಯ ಮೇಲೆ ಚೆಂದ ಕಾಣುತ್ತೆ ಅಂತ. ಇನ್ನೊಬ್ಬರು: "ಎಣ್ಣೆ ಹಚ್ಕೊಳ್ದೆ ಯಾರಾದ್ರೂ ಕಾಡಿಗೆ ಹೋಗ್ತಾರಾ ಈಗ?" ಡಿಎಂಪಿ ಎಣ್ಣೆ ಆರೋಗ್ಯ ಇಲಾಖೆಯವರು ಮನೆಮನೆಗೆ ಕೊಟ್ಟಿದ್ದರು, ಕೈಕಾಲಿಗೆ ಹಚ್ಚಿಕೊಂಡು ಹೋದರೆ ಉಣುಗು ಹತ್ತಿರ ಬರಲ್ಲ ಅಂತ. ನಮ್ಮ ಮನೆಯ ಕಿಟಕಿಯಲ್ಲೂ ಒಂದು ಬಾಟಲಿ ಇತ್ತು. ಅದು ನನ್ನ ಕಣ್ಣಿಗೆ ದಿನಾ ಬೀಳುತ್ತಿತ್ತು, ಸ್ಕ್ರಿಪ್ಟಿಗೆ ಬೀಳಲಿಲ್ಲ. ಮತ್ತೊಬ್ಬರು ಇನ್ನೂ ನೇರ: "ನಿಮ್ ಹೀರೋ ಸತ್ತ ಮಂಗನ್ನ ಕೈಯಲ್ಲಿ ಎತ್ತಿ ನೋಡ್ತಾನೆ. ಅವನು ಸತ್ತಿದ್ದೇ ಸರಿ ಆಯ್ತು."

ಹಾರರ್ ಸಿನಿಮಾಕ್ಕೆ ಲಾಜಿಕ್ ಕೇಳಬಾರದು ಅಂತ ನಮ್ಮ ಎಡಿಟರ್ ಮುನಿಸಿಕೊಂಡ. ನನಗೆ ಹಾಗನ್ನಿಸಲಿಲ್ಲ. ದೆವ್ವದ ಸಿನಿಮಾಕ್ಕೆ ಇವರು ಲಾಜಿಕ್ ಕೇಳುವುದಿಲ್ಲ, ದೆವ್ವವನ್ನು ಯಾರೂ ನೋಡಿಲ್ಲ. ಜ್ವರವನ್ನು ನೋಡಿದ್ದಾರೆ. ನೋಡಿದ್ದನ್ನು ತಪ್ಪಾಗಿ ತೋರಿಸಿದರೆ ಅಲ್ಲಿಗೆ ನಂಬಿಕೆ ಹೋಯ್ತು, ಆಮೇಲೆ ಎಷ್ಟು ಕಿರುಚಿಸಿದರೂ ಅದು ನಾಟಕ.

ಇಷ್ಟಾದರೂ ಇದೆಲ್ಲ ಸಣ್ಣದು. ದೊಡ್ಡದು ಬೇರೆ ಇತ್ತು.

ಅಂದಿನ ಶೋ ನಡೆಯುವಾಗ ತೆರೆಯ ಪಕ್ಕದ ಕಂಬಕ್ಕೆ ಒಂದು ಫೋನ್ ಕಟ್ಟಿ ನೋಡುವವರ ಕಡೆಗೆ ರೆಕಾರ್ಡ್ ಹಾಕಿಟ್ಟಿದ್ದೆ. ಮೊದಲೇ ಎಲ್ಲರಿಗೂ ಹೇಳಿದ್ದೆ, ಯಾರೂ ಬೇಡ ಅನ್ನಲಿಲ್ಲ. ತೆರೆಯ ಬೆಳಕಿನಲ್ಲಿ ಮುಖಗಳು ಅಷ್ಟಿಷ್ಟು ಕಾಣುತ್ತವೆ. ಯಾರು ಯಾವಾಗ ಮೊಬೈಲ್ ತೆಗೆದರು, ಯಾರು ಪಕ್ಕದವರ ಜೊತೆ ಮಾತಾಡಿದರು, ಮಕ್ಕಳು ಯಾವಾಗ ಅಮ್ಮನ ಸೆರಗು ಹಿಡಿದರು, ಎಲ್ಲ ಸಿಗುತ್ತದೆ. ನಾಲ್ಕು ದಿನ ಬಿಟ್ಟು ಅದನ್ನು ನಿಧಾನಕ್ಕೆ ನೋಡುತ್ತಾ ಹೋದೆ. 31ನೇ ನಿಮಿಷದಲ್ಲಿ, ಮೂಗಿನಿಂದ ರಕ್ತ ಬರುವ ಸೀನಿನಲ್ಲಿ, ಎರಡನೇ ಸಾಲಿನ ಒಬ್ಬ ಹೆಂಗಸು ಎದ್ದರು. ಅವಸರ ಇರಲಿಲ್ಲ. ಸೆರಗು ಸರಿಮಾಡಿಕೊಂಡು, ಪಕ್ಕದವರಿಗೆ ಏನೋ ಹೇಳಿ, ಹೊರಟು ಹೋದರು. ವಾಪಸ್ ಬರಲಿಲ್ಲ. ಊಟಕ್ಕೂ ಇರಲಿಲ್ಲ. ಆ ದಿನ ಅದು ನನ್ನ ಗಮನಕ್ಕೇ ಬಂದಿರಲಿಲ್ಲ, ನಾನು ಬಾಗಿಲಲ್ಲಿ ನಿಂತು ಮೆಚ್ಚುಗೆ ಲೆಕ್ಕ ಹಾಕುತ್ತಿದ್ದೆ.

ಕೇಳಿದಾಗ ಗೊತ್ತಾಯ್ತು, ಅವರ ಮನೆಯಲ್ಲಿ ಒಬ್ಬರು ಇದೇ ಜ್ವರದಲ್ಲಿ ಹೋಗಿದ್ದರು. ಎರಡು ದಿನ ಹಿಂದೆಮುಂದೆ ನೋಡಿ ಕೊನೆಗೆ ಅವರ ಮನೆಗೆ ಹೋದೆ. ಬೆಲ್ಲ, ನೀರು ಕೊಟ್ಟರು. ಕಾಫಿ ಕೊಟ್ಟರು. ನಾನು ತಪ್ಪಾಯ್ತು ಅಂತ ಶುರು ಮಾಡಿದೆ. ಅವರು ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಬೇರೆ ಮಾತಾಯ್ತು, ತೋಟ, ಕೊಳೆ ರೋಗ, ಮಗನ ಕೆಲಸ. ನಾನು ಏಳುವ ಹೊತ್ತಿಗೆ ಹೇಳಿದರು:

"ಅಲ್ಲ ತಮ್ಮ, ಜ್ವರ ಬಂದವರು ಯಾರನ್ನೂ ಕಚ್ಚೂದಿಲ್ಲ. ನೀರು ಕೇಳ್ತಾರೆ."

ನಾನು ಮತ್ತೆ ಕೂತೆ. ಅವರು ಅಷ್ಟು ಹೇಳಿ ಸುಮ್ಮನಾದರು. ನಾನೂ ಕೇಳಲಿಲ್ಲ. ಹೊರಡುವಾಗ, "ಅಕ್ಕ, ಈ ಮಾತನ್ನ ಸಿನಿಮಾಕ್ಕೆ ಹಾಕ್ಕೊಳ್ಳಲಾ?" ಅಂದೆ. ಕೇಳುವಾಗ ನಾಲಿಗೆ ಒಣಗಿತ್ತು. "ಹಾಕ್ಕೊ. ಕಾಯಿಲೆ ಹೆಸರು ಮಾತ್ರ ಬೇಡ. ನಿಮ್ಮ ಸಿನಿಮಾದಲ್ಲಿ ಅದು ಮನುಷ್ಯರಿಂದ ಮನುಷ್ಯರಿಗೆ ಬರ್ತದೆ. ನಮ್ಮದು ಹಂಗೆ ಬರೂದಿಲ್ಲ. ಆದ್ರೂ ಆಗ ಜನ ನಮ್ಮನೆಗೆ ಬರ್ಲಿಲ್ಲ" ಅಂದರು.

ಇದು ನನಗೆ ಗೊತ್ತಿದ್ದ ವಿಷಯವೇ. ಮಂಗನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಉಣುಗು ಕಚ್ಚಬೇಕು. ಗೊತ್ತಿದ್ದೂ ಕಥೆಗೆ ಬೇಕು ಅಂತ ಹರಡಿಸಿದ್ದೆ, ಮೇಲಿಂದ 11 ಕಡೆ ಮಾತಿನಲ್ಲಿ ಅದೇ ಹೆಸರು ಹೇಳಿಸಿದ್ದೆ. ಹಕ್ಕು ಇದೆ ಅಂದುಕೊಂಡಿದ್ದೆ ಅಂದೆನಲ್ಲ, ಅದು ಇದು.

ಆ 11 ಕಡೆಯೂ ಮತ್ತೆ ಡಬ್ಬಿಂಗ್ ಮಾಡಿಸಿದೆವು. ಬರೀ "ಜ್ವರ" ಅಂತ ಇಟ್ಟೆವು. ಆರೋಗ್ಯ ಇಲಾಖೆಯ ಜೀಪಿನ ಸೀನು ತೆಗೆದೆವು. ಊರು, ತಾಲ್ಲೂಕಿನ ಬೋರ್ಡುಗಳನ್ನೆಲ್ಲ ಕತ್ತರಿಸಿದೆವು. ತಮಾಷೆ ಅಂದರೆ, ಹೆಸರು ತೆಗೆದ ಮೇಲೆ ಭಯ ಹೆಚ್ಚಾಯ್ತು. ಹೆಸರಿರುವ ಕಾಯಿಲೆಗೆ ಎಣ್ಣೆ ಇದೆ, ಆಸ್ಪತ್ರೆ ಇದೆ, ಮಾಡಬಾರದ್ದರ ಪಟ್ಟಿ ಇದೆ. ಬರೀ ಜ್ವರ ಅಂದರೆ ಏನೂ ಇಲ್ಲ.

ಇನ್ನು ಕಚ್ಚುವುದು. ಕಚ್ಚುವ ಸೀನು ಒಂದು ಬಿಟ್ಟು ಉಳಿದೆಲ್ಲ ತೆಗೆಯೋಣ ಅಂದಾಗ ಮನೆಯಲ್ಲಿ ಜಗಳವೇ ಆಯ್ತು, ಯಾಕಂದರೆ ದುಡ್ಡು ಹೋಗಿದ್ದೇ ಅಲ್ಲಿ. ಆದರೆ ನನಗೆ ಆ ಹೆಂಗಸಿನ ಮಾತು ಬಿಡುತ್ತಿರಲಿಲ್ಲ. ಯೋಚಿಸಿ ನೋಡಿ. ಮಲೆನಾಡಿನಲ್ಲಿ ಬಾಗಿಲಿಗೆ ಬಂದವರು ಯಾರೇ ಇರಲಿ, ಮೊದಲು ನೀರು ಕೊಡುತ್ತೇವೆ. ಬೆಲ್ಲದ ಜೊತೆ ಕೊಡುತ್ತೇವೆ. ಕೇಳುವ ಮುಂಚೆ ಕೊಡುತ್ತೇವೆ. ಕತ್ತಲಲ್ಲಿ ಬಾಗಿಲ ಆಚೆ ನಿಂತು, ಪರಿಚಯದ ದನಿಯಲ್ಲಿ, ಒಬ್ಬರು ನೀರು ಕೇಳುತ್ತಿದ್ದಾರೆ. ಜ್ವರ ಬಂದಿದೆ ಅಂತ ಒಳಗಿರುವವರಿಗೆ ಗೊತ್ತು. ಚೊಂಬು ಕೈಗೆ ಕೊಟ್ಟರೆ ಮುಗಿಯಿತು ಅಂತಲೂ ಗೊತ್ತು. ಕೊಡದೆ ಇರುವುದು ಹೇಗೆ? ಬಾಗಿಲು ಒಡೆಯುವವನಿಗಿಂತ ಬಾಗಿಲು ಬಡಿಯದೆ ಸುಮ್ಮನೆ "ಸ್ವಲ್ಪ ನೀರು..." ಅನ್ನುವವನೇ ಹೆಚ್ಚು ಹೆದರಿಸುತ್ತಾನೆ.

ಎರಡು ರಾತ್ರಿ ಮತ್ತೆ ಶೂಟಿಂಗ್ ಮಾಡಿದೆವು, ಡಿಸೆಂಬರಿನಲ್ಲಿ, ಮಳೆ ಇಲ್ಲದೆ. 38 ಸಾವಿರ ಖರ್ಚು. ರಕ್ತವನ್ನೂ ಬದಲಾಯಿಸಿದೆವು. ಬೆಲ್ಲದ ಪಾಕಕ್ಕೆ ಕೋಕೋ ಪುಡಿ ಸೇರಿಸಿ, ಹಸಿರು ಬಣ್ಣ ಒಂದೇ ಹನಿ ಹಾಕಿದರೆ ಕೆಂಪು ಕಪ್ಪಾಗುತ್ತದೆ, ಕವಳದ ಬಣ್ಣ ಹೋಗುತ್ತದೆ. 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ನಲ್ಲಿ ಚಾಕೊಲೇಟ್ ಸಿರಪ್ಪನ್ನೇ ರಕ್ತ ಮಾಡಿದ್ದರು. ಅದು ಕಪ್ಪುಬಿಳುಪು, ಅವರಿಗೆ ಬಣ್ಣದ ತಲೆನೋವು ಇರಲಿಲ್ಲ. ನಮಗೆ ಕೊನೆಗೆ ರಕ್ತವೇ ಅಷ್ಟು ಬೇಕಾಗಲಿಲ್ಲ ಅನ್ನುವುದು ಬೇರೆ ಮಾತು.

ಎರಡನೇ ಶೋ ಬೆಂಗಳೂರಿನಲ್ಲಿ. ಸ್ನೇಹಿತನ ಆಫೀಸಿನ ಮೀಟಿಂಗ್ ರೂಮು, ಶನಿವಾರ ಸಂಜೆ, 22 ಜನ, ಹೆಚ್ಚಿನವರು ಸಾಫ್ಟ್‌ವೇರ್ ಹುಡುಗರು. ಅಲ್ಲಿ ಪರವಾಗಿಲ್ಲ ಸಮಸ್ಯೆ ಇಲ್ಲ. ಅವರು ಮುಖಕ್ಕೇ ಹೇಳುತ್ತಾರೆ, ಹತ್ತರಲ್ಲಿ ಎಷ್ಟು ಅಂತ ಅಂಕ ಸಮೇತ. ಆರು, ಆರೂವರೆ. ಒಬ್ಬ 6.75 ಕೊಟ್ಟ, ಆ ಕಾಲು ಯಾವುದಕ್ಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ಅವರ ದೂರುಗಳೇ ಬೇರೆ. ಜ್ವರ ಮೊದಲು ಯಾರಿಗೆ ಬಂತು, ಫೋನ್ ನೆಟ್‌ವರ್ಕ್ ಯಾಕಿಲ್ಲ, ಊರು ಬಿಟ್ಟು ಯಾಕೆ ಹೋಗಲ್ಲ. ನೆಟ್‌ವರ್ಕ್ ಪ್ರಶ್ನೆಗೆ ನಾನು ನಗುತ್ತಾ "ನಮ್ಮನೆಗೆ ಒಂದ್ಸಲ ಬನ್ನಿ" ಅಂದೆ. ಊರು ಯಾಕೆ ಬಿಡಲ್ಲ ಅನ್ನುವುದಕ್ಕೆ ಮಾತ್ರ ಒಂದು ಉತ್ತರ ಸೇರಿಸಿದೆ. ಕೊಟ್ಟಿಗೆಯಲ್ಲಿ ಕರು ಹಾಕುವ ಹಸು ಇದೆ ಅಂತ ಒಂದು ಮಾತು. ನಮ್ಮೂರಿನಲ್ಲಿ ಈ ಪ್ರಶ್ನೆ ಯಾರಿಗೂ ಬಂದಿರಲಿಲ್ಲ, ಕೊಟ್ಟಿಗೆ ತೋರಿಸಿದ್ದೇ ಅವರಿಗೆ ಸಾಕಾಗಿತ್ತು.

ಬೆಂಗಳೂರಿನವರು ಹೇಳಿದ್ದರಲ್ಲಿ ನನಗೆ ಜಾಸ್ತಿ ಕಲಿಸಿದ್ದು ಒಂದು ತಪ್ಪು ದೂರು. 22ರಲ್ಲಿ 14 ಜನ "ತುಂಬಾ ಕತ್ತಲು, ಏನೂ ಕಾಣಲ್ಲ" ಅಂದರು. ನಾನು ಎರಡು ವಾರ ಕೂತು ಬಣ್ಣ, ಬೆಳಕು ತಿದ್ದಿದೆ. ಮತ್ತೆ ಐದಾರು ಜನರಿಗೆ ಕಳಿಸಿದರೆ ಅದೇ ದೂರು. ಆಮೇಲೆ ನಮ್ಮ ಸೌಂಡ್ ಹುಡುಗ ಒಂದು ಮಾತು ಹೇಳಿದ. ಕತ್ತಲಿನ ಸೀನುಗಳಲ್ಲಿ ಮಾತು ಸರಿಯಾಗಿ ಕೇಳುತ್ತಿಲ್ಲ, ಕಾಲರ್ ಮೈಕು ಕಂಬಳಿಗೆ ಉಜ್ಜಿದೆ, ಯಾರು ಎಲ್ಲಿಂದ ಮಾತಾಡುತ್ತಿದ್ದಾರೆ ಅಂತ ಗೊತ್ತಾಗದೆ ಜನ ಕಣ್ಣಲ್ಲಿ ಹುಡುಕುತ್ತಿದ್ದಾರೆ ಅಂತ. ಮಾತುಗಳನ್ನು ಮತ್ತೆ ರೆಕಾರ್ಡ್ ಮಾಡಿ ಹಾಕಿದೆವು, ಚಿತ್ರವನ್ನು ಮೊದಲಿದ್ದಷ್ಟೇ ಕತ್ತಲಿಗೆ ವಾಪಸ್ ತಂದೆವು. ಕತ್ತಲಿನ ದೂರು ನಿಂತುಹೋಯ್ತು. ಎಲ್ಲಿ ನೋವಿದೆ ಅಂತ ರೋಗಿ ತೋರಿಸಿದ ಜಾಗಕ್ಕೇ ಮುಲಾಮು ಹಚ್ಚುತ್ತಾ ಎರಡು ವಾರ ಕಳೆದಿದ್ದೆ.

ಇದರ ಉಲ್ಟಾ ಕೂಡ ಆಗಿದೆ. ಸಿನಿಮಾದಲ್ಲಿ ಒಂದು ಕಡೆ ಜೀರುಂಡೆ ಸದ್ದು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಅದನ್ನು ಒಬ್ಬರೂ ಗಮನಿಸಲಿಲ್ಲ, ಸ್ಪೀಕರ್ ಹಾಳಾಯ್ತೇನೋ ಅಂತ ಒಬ್ಬ ತಿರುಗಿ ನೋಡಿದ. ನಮ್ಮ ಅಂಗಳದಲ್ಲಿ ಅದೇ ಜಾಗದಲ್ಲಿ ಕಂಬದ ಫೋನಿನಲ್ಲಿ ನೋಡಿದರೆ 40 ತಲೆಗಳೂ ಒಟ್ಟಿಗೆ ಮುಂದೆ ಬಂದಿವೆ. ಕಾಡಿನ ಪಕ್ಕ ಇರುವವರಿಗೆ ಜೀರುಂಡೆ ನಿಂತರೆ ಏನೋ ಬಂದಿದೆ ಅಂತ ಗೊತ್ತು. ಅದನ್ನು ಹಾಗೇ ಇಟ್ಟುಕೊಂಡೆ. ಎಲ್ಲರಿಗೂ ಎಲ್ಲವೂ ತಲುಪಬೇಕು ಅಂತೇನಿಲ್ಲ.

ಪೋಸ್ಟರ್ ವಿಷಯದಲ್ಲೂ ಎಡವಿದ್ದೆವು. ರಕ್ತ ಮೆತ್ತಿದ ಮುಖ, ಬಿಳಿ ಕಣ್ಣು, ಮಾಮೂಲಿ. ಬೆಂಗಳೂರಿನ ಶೋಗೆ ಬಂದವರು ಅದನ್ನು ನೋಡಿಯೇ ಬಂದಿದ್ದರು. ತೆರೆಯ ಮೇಲೆ ಒಂದು ಸಂಸಾರ ಬಾಗಿಲು ಹಾಕಿಕೊಂಡು ಪಿಸುಗುಡುತ್ತಾ ಕೂತಿದ್ದನ್ನು ನೋಡಿ ಅವರಿಗೆ ಮೋಸ ಹೋದ ಹಾಗಾಯ್ತು. ಇದಕ್ಕೆ ದೊಡ್ಡ ಉದಾಹರಣೆ ಒಂದಿದೆ. 2017ರಲ್ಲಿ ಅಮೆರಿಕದಲ್ಲಿ ‘ಇಟ್ ಕಮ್ಸ್ ಅಟ್ ನೈಟ್’ ಅಂತ ಒಂದು ಸಣ್ಣ ಬಜೆಟ್ಟಿನ ಸಿನಿಮಾ ಬಂತು, ಟ್ರೇ ಎಡ್ವರ್ಡ್ ಶಲ್ಟ್ಸ್ ನಿರ್ದೇಶನ. ಅದೂ ಇದೇ ಥರ: ಹೊರಗೆ ಅಂಟುರೋಗ, ಕಾಡಿನ ಮನೆಯಲ್ಲಿ ಒಂದು ಸಂಸಾರ, ಇನ್ನೊಂದು ಸಂಸಾರ ಬಂದು ಸೇರಿಕೊಳ್ಳುತ್ತದೆ. ವಿಮರ್ಶಕರು ಹೊಗಳಿದರು. ಆದರೆ ಅಲ್ಲಿ ಸಿನಿಮಾಸ್ಕೋರ್ ಅಂತ ಒಂದು ಸಂಸ್ಥೆ ಬಿಡುಗಡೆಯ ದಿನ ಥಿಯೇಟರಿಗೆ ಬಂದ ಜನರಿಂದ ಚೀಟಿಯಲ್ಲಿ ಗ್ರೇಡ್ ಬರೆಸಿಕೊಳ್ಳುತ್ತದೆ, ಎ ಯಿಂದ ಎಫ್ ತನಕ. ಜನ ಕೊಟ್ಟಿದ್ದು ಡಿ. ಹೆಸರು, ಟ್ರೇಲರ್ ನೋಡಿದರೆ ರಾತ್ರಿ ಏನೋ ಬರುತ್ತದೆ ಅಂತ ಅನ್ನಿಸುತ್ತದೆ. ಏನೂ ಬರುವುದಿಲ್ಲ. ನನಗೆ ಅದು ಇಷ್ಟವಾದ ಸಿನಿಮಾ. ಆದರೂ ಡಿ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಮಸಾಲೆ ದೋಸೆ ಅಂತ ಬೋರ್ಡು ಹಾಕಿ ನೀರುದೋಸೆ ಕೊಟ್ಟರೆ, ನೀರುದೋಸೆ ಎಷ್ಟೇ ಚೆನ್ನಾಗಿದ್ದರೂ ಬೈತಾರೆ ಅಲ್ವಾ?

ನಮ್ಮ ಹೊಸ ಪೋಸ್ಟರಿನಲ್ಲಿ ಈಗ ಮುಖವೇ ಇಲ್ಲ. ಮುಚ್ಚಿದ ಬಾಗಿಲು, ಜಗಲಿ ಮೇಲೆ ಒಂದು ತಾಮ್ರದ ಚೊಂಬು. ಇದನ್ನು ನೋಡಿ ಬರುವವರು ಕಡಿಮೆ. ಬಂದವರು ಬೈಯುವುದಿಲ್ಲ.

ಕೊನೆಯ ಸೀನಿನ ಗಲಾಟೆ ಬಗ್ಗೆ ಹೇಳದಿದ್ದರೆ ಆಗಲ್ಲ. ಮೊದಲು ನಾವು ಎಲ್ಲರನ್ನೂ ಕೊಂದಿದ್ದೆವು. ಬೆಂಗಳೂರಿನವರಿಗೆ ಅದು ಖುಷಿ ಕೊಟ್ಟಿತು, ಧೈರ್ಯದ ಎಂಡಿಂಗ್ ಅಂದರು. ಊರಿನವರಿಗೆ ಸಿಟ್ಟು ಬಂದಿತ್ತು, "ಅಷ್ಟು ಹೊತ್ತು ಕೂರ್ಸಿ ಎಲ್ಲಾರ್ನೂ ಕೊಂದ್ಯಲ್ಲೋ ಮಾರಾಯ" ಅಂತ ಚಿಕ್ಕಪ್ಪ ಎರಡು ದಿನ ಮಾತು ಬಿಟ್ಟಿದ್ದರು. ಯಾರ ಮಾತು ಕೇಳುವುದು? ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಡ್ಯಾನಿ ಬಾಯ್ಲ್ ನಿರ್ದೇಶನದ ‘28 ಡೇಸ್ ಲೇಟರ್’ 2002ರದ್ದು, ಆಗಿನ ಮಾಮೂಲಿ ಡಿಜಿಟಲ್ ವಿಡಿಯೋ ಕ್ಯಾಮೆರಾ, ಕ್ಯಾನನ್ ಎಕ್ಸ್‌ಎಲ್1ರಲ್ಲಿ ತೆಗೆದದ್ದು, ನನ್ನಂಥ ಮದುವೆ ವಿಡಿಯೋದವರಿಗೆ ಅದೊಂದು ಧೈರ್ಯ. ಅದರಲ್ಲಿ ನಾಯಕ ಸಾಯುವ ಕೊನೆಯೂ ಇತ್ತು, ಬದುಕುವ ಕೊನೆಯೂ ಇತ್ತು. ಬಿಡುಗಡೆಯಾಗಿದ್ದು ಬದುಕುವುದು. 2003ರಲ್ಲಿ ಅಮೆರಿಕದ ಥಿಯೇಟರುಗಳಲ್ಲಿ ಹೆಸರುಪಟ್ಟಿ ಮುಗಿದ ಮೇಲೆ ಸಾಯುವ ಕೊನೆಯನ್ನೂ ಹಚ್ಚಿ ತೋರಿಸಿದರು. ಎರಡೂ ಕಡೆಯವರಿಗೆ ಎಲೆ ಹಾಕಿದ ಹಾಗೆ. ನನಗೆ ಅದು ಸರಿಬರಲಿಲ್ಲ. ಒಂದು ಕಥೆಗೆ ಎರಡು ಕೊನೆ ಕೊಟ್ಟರೆ ಎರಡನ್ನೂ ಜನ ನಂಬಲ್ಲ ಅನ್ನಿಸಿತು.

ಹಾಗಾಗಿ ವೋಟು ಹಾಕಿಸುವುದನ್ನು ಬಿಟ್ಟೆ. ಕಥೆ ನೀರಿನ ಸುತ್ತ ತಿರುಗಿದ ಮೇಲೆ ಕೊನೆ ತಾನಾಗೇ ಬಂತು. ಎಲ್ಲರೂ ಮಲಗಿದ್ದಾರೆ ಅಂದುಕೊಂಡ ಹೊತ್ತಿನಲ್ಲಿ ಅಮ್ಮ ಎದ್ದು ಚೊಂಬು ತುಂಬಿಸಿಕೊಳ್ಳುತ್ತಾಳೆ. ಬಾಗಿಲ ಅಗುಳಿ ತೆಗೆಯುತ್ತಾಳೆ. ಹೊರಗಿನ ಕತ್ತಲಿಗೆ ಕೈ ಚಾಚುತ್ತಾಳೆ. ಇನ್ನೊಂದು ಕೈ ಚೊಂಬು ತೆಗೆದುಕೊಳ್ಳುತ್ತದೆ. ಗಟಗಟ ಕುಡಿಯುವ ಸದ್ದು. ಅಷ್ಟೇ. ಸಿನಿಮಾ 66 ನಿಮಿಷಕ್ಕೆ ಇಳಿಯಿತು.

ಮೂರನೇ ಶೋ ಮತ್ತೆ ಅದೇ ಅಂಗಳದಲ್ಲಿ, ಜನವರಿಯಲ್ಲಿ, ಚಳಿ. ಈ ಸಲ ಊಟ ಇಡಲಿಲ್ಲ, ಬರೀ ಕಾಫಿ, ಅವಲಕ್ಕಿ. ಉತ್ತರ ಕೆಡಬಾರದು ಅಂತ. ಮೊದಲ ಸಾವಿಗೆ ಯಾರೂ ನಗಲಿಲ್ಲ. ಹಿಂದಿನ ಸಾಲಿನ ಅದೇ ಮನುಷ್ಯ ಬಂದಿದ್ದರು, ಇಡೀ ಸಿನಿಮಾ ಕವಳ ಹಾಕಲಿಲ್ಲ ಅಂತ ಅಕ್ಕನ ಮಗಳು ವರದಿ ಕೊಟ್ಟಳು. ಮರುದಿನದ ಬಚ್ಚಲು ಪ್ರಶ್ನೆಗೆ ಬಂದ ಉತ್ತರಗಳಲ್ಲಿ ನಾನು ಬರೆದಿಟ್ಟುಕೊಂಡಿದ್ದು ಒಂದೇ: "ಹೋಗೇ ಇಲ್ಲ, ಬೆಳಗಾಗೋ ತನಕ ತಡ್ಕೊಂಡೆ."

ಆ ಅಕ್ಕ ಬಂದಿರಲಿಲ್ಲ. ಕರೆಯಲು ನನಗೂ ಮನಸ್ಸಾಗಿರಲಿಲ್ಲ. ವಾರ ಬಿಟ್ಟು ಅವರ ಮನೆಗೆ ಹೋದೆ, ಅವರ ಮಾತು ಸಿನಿಮಾದಲ್ಲಿ ಇದೆ, ಕಾಯಿಲೆ ಹೆಸರು ಎಲ್ಲೂ ಇಲ್ಲ ಅಂತ ಹೇಳಲು. ಅಂಗಳದಲ್ಲಿ ಅಡಿಕೆ ರಾಶಿ ಹಾಕಿಕೊಂಡು ನಾಲ್ಕು ಜನ ಸುಲಿಯುತ್ತಿದ್ದರು. ಅವರು ಎದ್ದು ಬಂದು ಬೆಲ್ಲ, ನೀರು ತಂದುಕೊಟ್ಟರು. ನಾನು ಹೇಳಿದ್ದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು.

"ಕೊನೆಗೆ ನೀರು ಕೊಟ್ರಾ, ಇಲ್ವಾ?"

"ಕೊಡ್ತಾರೆ ಅಕ್ಕ."

"ಹಂಗಾದ್ರೆ ಪರವಾಗಿಲ್ಲ" ಅಂದು ಮತ್ತೆ ಮೆಟ್ಟುಗತ್ತಿ ಮುಂದೆ ಹೋಗಿ ಕೂತರು.